ಜೂನ್ ಒಂದರ ಮಕ್ಕಳು

ಅಮಾತೆಪ್ಪ ಮಾಸ್ತರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಳಕಲ್ಲಿನ ನೇಕಾರರ ಓಣಿಯ ಶಾಲೆಯಲ್ಲಿ ಅವರ ಜೊತೆ ಹದಿನೈದು ವರ್ಷ ಕಲಿಸಿದವನು ನಾನು. ಮನುಷ್ಯ ದೇವರಂಥವರು, ಒಪ್ಪಿದೆ. ಆದರೆ ಆ ಒಂದು ವರ್ಗದ ಮೇಲಿನ ಹುಚ್ಚು ಅವರನ್ನು ಹಣ್ಣು ಮಾಡಿಬಿಟ್ಟಿತು.

೧೯೭೧ರ ಜೂನ್. ಓಣಿಯ ತಾಯಂದಿರಿಗೆ ದಿನವಿಡೀ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕೆಲಸ. ಕೂಸುಗಳು ಕಾಲಿಗೆ ತೊಡರುತ್ತವೆಂದು ನಾಲ್ಕು ವರ್ಷದವನ್ನೂ ಶಾಲೆಗೆ ತಂದು ಬಿಟ್ಟರು. ಆಗ ಜನ್ಮದಾಖಲೆ ಯಾರ ಹತ್ತಿರವಿತ್ತು? ತಲೆಯ ಮೇಲಿಂದ ಕೈ ಬಳಸಿ ಆಚೆಯ ಕಿವಿ ಮುಟ್ಟಿದರೆ ಆರು ತುಂಬಿದಂತೆ. ಶಂಕ್ರಪ್ಪನ ಮಗಳು ಗುರುಲಿಂಗವ್ವನ ಕೈ ಕಿವಿಯ ಹತ್ತಿರವೂ ಹೋಗಲಿಲ್ಲ.

"ಕುತ್ತಿಗಿ ಒಂಚೂರು ವಾಲಿಸವ್ವ" ಎಂದು ಮಾಸ್ತರರೇ ತಲೆ ಬಗ್ಗಿಸಿ ಮುಟ್ಟಿಸಿದರು. ಅಂಥ ಇಪ್ಪತ್ತೆಂಟು ಮಕ್ಕಳಿಗೆ ಎರಡೆರಡು ವರ್ಷ ಸೇರಿಸಿ, ಎಲ್ಲರಿಗೂ ೧೯೬೫ರ ಜೂನ್ ಒಂದು ಎಂದೇ ಬರೆದರು.

"ಇದು ಸುಳ್ಳಲ್ಲೇನ್ರಿ?" ಎಂದೆ.

"ಮಗ್ಗದ ಕುಣಿಯಾಗ ಬೀಳೋದಕ್ಕಿಂತ ಚಲೋ ಅಲ್ಲೇನ್ರಿ ಸಂಗಯ್ಯಾರ?"

ಏಳನೆಯ ವರ್ಗದವರೆಗೂ ಆ ಮಕ್ಕಳನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಪ್ರತಿ ವರ್ಷ ಅವರ ಜೊತೆ ತಾವೂ ಮೇಲಿನ ವರ್ಗಕ್ಕೆ ಹೋದರು. ಆ ಪುಂಡರು ಪಾಟಿ ಬಡಿಯುತ್ತ ಮಗ್ಗದ ತಾಳಕ್ಕೆ ಲೆಕ್ಕದ ಮಗ್ಗಿ ಒಪ್ಪಿಸಿದಾಗ ಇನ್‌ಸ್ಪೆಕ್ಟರರೂ ನಕ್ಕಿದ್ದರು. ಏಳನೆಯ ವರ್ಗದ ಕೊನೆಯ ಮುಲ್ಕಿ ಪರೀಕ್ಷೆಯಲ್ಲಿ ಇಪ್ಪತ್ತೆಂಟೂ ಪಾಸು. ಅಂದು ಮಾಸ್ತರರು ಗೋಡೆಗೆ ಮುಖ ಮಾಡಿ ಅತ್ತರು.

೧೯೮೩ರ ಹೊತ್ತಿಗೆ ಅವರೇ ಮುಖ್ಯೋಪಾಧ್ಯಾಯರು. ಗುರುಲಿಂಗವ್ವ ಬಾಗಲಕೋಟೆಯಲ್ಲಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಅರ್ಜಿ ತುಂಬಿಕೊಟ್ಟವರೂ ಇವರೇ. ಅಷ್ಟರಲ್ಲಿ ಶಂಕ್ರಪ್ಪ ಬಂದ.

"ಮಗಳ ಲಗ್ನ ಗೊತ್ತಾಗೇತ್ರಿ ಗುರುಗಳ. ವರ ಸರ್ಕಾರಿ ನೌಕರದಾಂವ. ಹುಡುಗಿಗೆ ಹದಿನೆಂಟು ತುಂಬೇತಿ ಅಂತ ಸಾಲಿ ಕಾಗದ ಬೇಕಂತ್ರಿ."

ಮಾಸ್ತರರ ಮುಖ ಕಪ್ಪಿಟ್ಟಿತು. "ಅಕಿಗೆ ಈಗ ಹದಿನಾರ ಶಂಕ್ರಪ್ಪ. ಎರಡು ವರ್ಷ ನಾನ ಹೆಚ್ಚಿಗಿ ಬರದೇನಿ."

"ಅಕಿ ಅಪ್ಪ ನಾ. ನನಗ ಗೊತ್ತಿಲ್ಲೇನ್ರಿ? ನನಗ ಬೇಕಾಗಿದ್ದು ಕಾಗದ."

ಇಲ್ಲ ಎನ್ನಬೇಕಾದರೆ ದಾಖಲೆಯೇ ಸುಳ್ಳೆಂದು ಬರೆದುಕೊಡಬೇಕು. ಒಂದು ಸುಳ್ಳಾದರೆ ಇಪ್ಪತ್ತೆಂಟೂ ಸುಳ್ಳು. ಅದೇ ವರ್ಗದ ಇಮಾಮಹುಸೇನ ಆ ತಾರೀಖಿನ ಮೇಲೆಯೇ ಆಗಷ್ಟೇ ಮಿಲಿಟರಿ ಸೇರಿದ್ದ. ಮಾಸ್ತರರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ದಾಖಲೆ ಸುಳ್ಳ ಅಂತ ಬರದು ಒಗೀರಿ, ಆದದ್ದಾಗ್ಲಿ!" ಎಂದು ನಾನು ಕೂಗಾಡಿದೆ.

"ಒಬ್ಬಾಕಿ ಸಲುವಾಗಿ ಇಪ್ಪತ್ತೇಳು ಮಂದಿನ್ನ ಹೆಂಗ ಬಿಡ್ಲಿ ಸಂಗಯ್ಯಾರ? ಅವೂ ನನ್ನ ಮಕ್ಕಳ ಅಲ್ಲೇನು?" ಎಂದರು. ಮೂರನೆಯ ದಿನ ಶಂಕ್ರಪ್ಪ ಕೇಳಿದ ಕಾಗದಕ್ಕೆ ಸಹಿ ಹಾಕಿದರು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವಳು ಇನ್ನೊಬ್ಬಳು.

ಲಗ್ನಪತ್ರಿಕೆ ಕೊಡಲು ಗುರುಲಿಂಗವ್ವ ತಾನೇ ಬಂದಳು. ಮಾಸ್ತರರ ಕಾಲು ಮುಟ್ಟಿ ಎದ್ದು ನಿಂತಳು.

"ಬಾಗಲಕೋಟಿಯಿಂದ ನಿನ್ನೆ ತರಬೇತಿಗೆ ಕರೆ ಬಂತ್ರಿ ಗುರುಗಳ. ಹುಡುಗಿ ಇನ್ನೂ ಸಣ್ಣಾಕಿ ಅಂತ ನೀವು ಅಪ್ಪಗ ಹೇಳ್ತೀರಿ ಅಂದ್ಕೊಂಡಿದ್ನಿ."

"ಹೇಳಿದ್ನವ್ವ, ಖರೇನ ಹೇಳಿದ್ನಿ."

"ಹೇಳಿದ್ರಿ ಖರೆ," ಎಂದಳು ಹುಡುಗಿ. "ಬರದು ಕೊಡಲಿಲ್ಲಲ್ರಿ."