ಜಾಗೋರ್ಕಾಳ ಎಂಟನೆಯ ಪ್ರಸ್ತಾವ

ದ್ರಿನಾ ನದಿಯ ಸೇತುವೆಯ ಸುಂಕದ ಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ನಿಂತವಳು ಜಾಗೋರ್ಕಾ. ಆ ದಡದ ಬೋಸ್ನಿಯಾದಿಂದ ಈ ದಡದ ಸರ್ಬಿಯಾಕ್ಕೆ ಬರುವ ಕಾರಿನ ಡಿಕ್ಕಿಯಲ್ಲಿ ಏನಿದೆಯೆಂದು ಚಾಲಕನ ಮುಖ ನೋಡಿಯೇ ಹೇಳಬಲ್ಲಳು. ಠಾಣೆಯ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಇಷ್ಟು ಸಾಲದೆಂದು ರಾಜಧಾನಿಯಲ್ಲಿ ಯಾರಿಗೋ ಜ್ಞಾನೋದಯವಾಯಿತು. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಸ್ನಾತಕೋತ್ತರ ಓದು ಬೇಕು. ಕೊನೇಪಕ್ಷ ಪ್ರಬಂಧದ ಪ್ರಸ್ತಾವವಾದರೂ ಮಾರ್ಗದರ್ಶಕರ ರುಜುವಿನೊಂದಿಗೆ ಡಿಸೆಂಬರ್ ಇಪ್ಪತ್ತರ ಮಧ್ಯಾಹ್ನದೊಳಗೆ ತಲುಪಬೇಕು. ಬಂದ ಪ್ರಸ್ತಾವಗಳನ್ನು ತೂಗಿ ನೋಡಿ ಹುದ್ದೆ ಕೊಡುತ್ತಾರೆ. ಎರಡು ದೇಶಗಳ ಸಂಬಂಧವನ್ನು ದಿನಕ್ಕೆ ಎಂಟು ಗಂಟೆ ಕೈಯಾರೆ ತಡಕಿ ನೋಡುವವಳು, ಆ ಸಂಬಂಧ ಇದೆಯೆಂದು ಕಾಗದ ತರಬೇಕಾಗಿತ್ತು. ಐವತ್ತರ ಹತ್ತಿರದ ಹೆಂಗಸು ಚೀಲಕ್ಕೆ ಪುಸ್ತಕ ತುಂಬಿಕೊಂಡು ಶನಿವಾರ ಶನಿವಾರ ಶಾಬಾತ್ಸ್ ಪಟ್ಟಣದ ಬಸ್ಸು ಹತ್ತಿದಳು.

ಅವಳ ಮೊದಲ ಪ್ರಸ್ತಾವದ ಹೆಸರು: 'ಒಂದು ಸೇತುವೆ, ಎರಡು ಸುಂಕದ ಕಟ್ಟೆ: ಒಂದು ಡಬ್ಬಿ ಜೇನು ದಾಟಲು ನಲವತ್ತು ನಿಮಿಷ ಏಕೆ?'

ಮಾರ್ಗದರ್ಶಕ ಪ್ರೊಫೆಸರ್ ಲ್ಯೂಬೊದ್ರಾಗ್ ಅವರ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಪ್ರೊಫೆಸರು, ಇನ್ನೊಂದರಲ್ಲಿ ಅವರು ಓದಬೇಕಾದ ಪ್ರಬಂಧಗಳು. ಎರಡೂ ವರ್ಷಗಟ್ಟಲೆ ಅಲುಗಿರಲಿಲ್ಲ. ಜಾಗೋರ್ಕಾ ನಿಂತೇ ಕೇಳಿಸಿಕೊಂಡಳು.

"ಜೇನು ಚೆನ್ನಾಗಿದೆ ಕಣಮ್ಮ. ಆದ್ರೆ ಸೈದ್ಧಾಂತಿಕ ಚೌಕಟ್ಟು ಎಲ್ಲಿ?"

ಚೌಕಟ್ಟು ತಂದಳು. "ಚೌಕಟ್ಟೇನೋ ಇದೆ, ಅದರೊಳಗೆ ಏನಿದೆ?" ಎಂದರು. ಮೂರನೆಯ ಸಲ, "ನೀವು ವಾಸ್ತವವಾದಿಯೋ, ರಚನಾವಾದಿಯೋ? ಮೊದಲು ಅದನ್ನ ಹೇಳಿ," ಎಂದರು.

"ನಾನು ಸುಂಕದವಳು ಪ್ರೊಫೆಸರೇ."

ನಾಲ್ಕನೆಯದರಲ್ಲಿ ಜೇನು ಹೋಗಿ ಚೀನಾ ಬಂತು; ಆ ವರ್ಷ ಚೀನಾ ಇಲ್ಲದ ಪ್ರಸ್ತಾವ ಓಡುತ್ತಿರಲಿಲ್ಲವಂತೆ. ಏಳನೆಯದಕ್ಕೆ ಹೆಸರೇ ನಾಲ್ಕು ಸಾಲು. ಅದರಲ್ಲಿ ಸೇತುವೆಯೂ ಇರಲಿಲ್ಲ, ನದಿಯೂ ಇರಲಿಲ್ಲ. ಬರೆದವಳಿಗೇ ಅದು ಅರ್ಥವಾಗಲಿಲ್ಲ. ಅದಕ್ಕೂ ಪ್ರೊಫೆಸರು ರುಜು ಹಾಕದಿದ್ದಾಗ ಅವಳಿಗೆ ರೇಗಿಹೋಗಿ, ಎಂಟನೆಯದರಲ್ಲಿ ಮತ್ತೆ ಜೇನನ್ನೇ ಬರೆದಳು. ಅಷ್ಟರಲ್ಲಿ ಡಿಸೆಂಬರ್ ಬಂತು, ಪ್ರೊಫೆಸರು ಮಾಯವಾದರು. ಫೋನು ಎತ್ತಲಿಲ್ಲ. ಕೋಣೆಗೆ ಬೀಗ.

ಉಳಿದದ್ದು ಹತ್ತೊಂಬತ್ತನೆಯ ತಾರೀಕು, ಸಂತ ನಿಕೋಲನ ದಿನ. ಸರ್ಬಿಯಾದ ಅರ್ಧ ಮನೆಗಳಿಗೆ ಅವನೇ ಮನೆದೇವರು. ಉಳಿದರ್ಧ ಅಂದು ಆ ಮನೆಗಳಿಗೆ ಊಟಕ್ಕೆ ಹೋಗುತ್ತದೆ. ಮನೆದೇವರ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಬಾಗಿಲಿನಿಂದ ಕಳಿಸುವುದಂತೂ ಇಲ್ಲವೇ ಇಲ್ಲ. ಪ್ರೊಫೆಸರ ಮನೆಯಲ್ಲೂ ಅವನದೇ ಹಬ್ಬ, ಅಂದು ಅವರು ತಪ್ಪಿಸಿಕೊಳ್ಳುವಂತಿರಲಿಲ್ಲ. ತೊಂದರೆಯೆಂದರೆ ಜಾಗೋರ್ಕಾಳ ಮನೆದೇವರೂ ಅವನೇ. ಸ್ವಂತ ಮನೆಯ ಹಬ್ಬ ಬಿಟ್ಟು ಇನ್ನೊಬ್ಬರ ಮನೆಗೆ ಉಣ್ಣಲು ಹೋದ ಹೆಂಗಸನ್ನು ಊರು ಅದುವರೆಗೆ ಕಂಡಿರಲಿಲ್ಲ.

"ಏನೇ, ತಲೆಗಿಲೆ ಕೆಟ್ಟಿದೆಯಾ?" ಎಂದ ಗಂಡ ರಾತೋಮಿರ್. "ಬಂದವರು ನೀನೆಲ್ಲಿ ಅಂದ್ರೆ ಏನು ಹೇಳ್ಲಿ?"

"ಅಂತರರಾಷ್ಟ್ರೀಯ ಸಂಬಂಧ ನೋಡೋಕೆ ಹೋಗಿದ್ದಾಳೆ ಅನ್ನು. ಮೀನು ಒಲೆಯೊಳಗಿದೆ. ದೇವರ ಮುಂದಿನ ಮೇಣದಬತ್ತಿ ಆರದ ಹಾಗೆ ನೋಡ್ಕೋ. ನೆಂಟರ ಮುಂದೆ ನೀನು ಮಾತ್ರ ಕೂತ್ಕೋಬೇಡ."

ಮಾತು ಜೋರಾಗಿಯೇ ಆಡಿದಳು. ಬಸ್ಸು ಹೊರಟ ಮೇಲೆ ಕಣ್ಣು ತುಂಬಿಕೊಂಡಿತು. ಮದುವೆಯಾದ ಮೇಲೆ ಆ ದೀಪದ ಮುಂದೆ ಅವಳಿಲ್ಲದ ಮೊದಲ ಹಬ್ಬ ಅದು.

ಬಾಗಿಲು ತೆಗೆದವರು ಪ್ರೊಫೆಸರೇ. ಮುಖ ಬಿಳಿಚಿತು. ಆದರೆ ಕೈಯಲ್ಲಿ, ಬಂದವರಿಗೆ ಬಾಗಿಲಲ್ಲೇ ಕೊಡುವ, ಅಕ್ರೋಟು ಬೆರೆಸಿದ ಸಿಹಿ ಗೋಧಿಯ ತಟ್ಟೆಯಿತ್ತು. ತಟ್ಟೆ ಹಿಡಿದವನು ಬಾಗಿಲು ಹಾಕುವಂತಿಲ್ಲ. ಜಾಗೋರ್ಕಾ ಶಿಲುಬೆಯ ಗುರುತು ಮಾಡಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, ಒಳಗೆ ಹೋಗಿ ಮೆತ್ತನೆಯ ಕುರ್ಚಿ ಹಿಡಿದಳು. ಹಬ್ಬದ ದಿನ ಯಜಮಾನ ಕೂರಬಾರದು, ಬಡಿಸುತ್ತ ನಿಂತಿರಬೇಕು. ಪ್ರೊಫೆಸರು ನಿಂತರು. ಅವಳಿಗೆ ಹೊಟ್ಟೆ ತಣ್ಣಗಾಯಿತು.

"ಇನ್ನೊಂದು ಚೂರು ಮೀನು ಹಾಕಿ ಪ್ರೊಫೆಸರೇ. ಹಾಗೇ ಇದಕ್ಕೊಂದು ರುಜು."

"ಹಬ್ಬದ ದಿನ ಕೆಲಸದ ಮಾತು ಯಾಕಮ್ಮ? ಸೋಮವಾರ ನೋಡೋಣ."

"ನಾಳೆ ಮಧ್ಯಾಹ್ನಕ್ಕೆ ಗಡುವು ಮುಗಿಯುತ್ತೆ."

ಮೇಜಿನ ತುದಿಯಲ್ಲಿ ಕೂತಿದ್ದ ಪ್ರೊಫೆಸರ ತಾಯಿ, ಮುದುಕಿ ಸ್ತಾಮೆನಾ, ಎಲ್ಲ ಮುದುಕಿಯರೂ ಕೇಳುವುದನ್ನೇ ಕೇಳಿದಳು. "ಯಾವೂರು ಮಗಳೇ? ನಿಮ್ಮ ಮನೆದೇವರು ಯಾರು?"

ಸಂತ ಗಿಯೋರ್ಗಿ ಎನ್ನಬೇಕೆಂದು ಜಾಗೋರ್ಕಾ ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದಳು. ಉರಿಯುತ್ತಿದ್ದ ದೀಪದ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ನಿಕೋಲನೇ ಅಮ್ಮಾ."

"ಅಂದ್ರೆ ಇವತ್ತೇ?"

"ಇವತ್ತೇ."

ಎಲ್ಲರ ಚಮಚಗಳೂ ನಿಂತವು. ಜಾಗೋರ್ಕಾಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮುದುಕಿ ಮಾತ್ರ ಮಗನ ಕಡೆ ತಿರುಗಿದಳು.

"ಲ್ಯೂಬೋ, ಇವಳು ತನ್ನ ಮನೆ ದೀಪ ಬಿಟ್ಟು ನಿನ್ನ ಬಾಗಿಲಿಗೆ ಬಂದಿದ್ದಾಳೆ. ಅಷ್ಟು ಅಲೆಸಿದೀಯೇನೋ? ಕೇಳಿದ್ದು ಕೊಟ್ಟು ಕಳಿಸು."

"ಅಮ್ಮಾ, ಅದರಲ್ಲಿ ಸೈದ್ಧಾಂತಿಕ ಚೌಕಟ್ಟು..."

"ಇಲ್ದಿದ್ರೆ ನೀನೇ ಮಾಡ್ಕೊಡು. ಸಂಬಳ ತಗೊಳ್ತೀಯಲ್ಲ!"

ಪ್ರೊಫೆಸರು ಖಾಲಿ ತಟ್ಟೆಯನ್ನು ಕಂಕುಳಿಗೆ ಸೇರಿಸಿಕೊಂಡು, ನಿಂತಲ್ಲೇ ರುಜು ಹಾಕಿದರು. ಓದಲಿಲ್ಲ, ಹಬ್ಬವೆಂದು ಅಭ್ಯಾಸ ಬಿಡುವವರಲ್ಲ ಅವರು.

ಸಂಜೆ ಮನೆ ಸೇರಿದಾಗ ದೀಪ ಉರಿಯುತ್ತಿತ್ತು, ರಾತೋಮಿರ್ ನಿಂತೇ ಇದ್ದ.

"ಸಿಕ್ತಾ?"

"ಸಿಕ್ತು."

"ಹಾಗಾದ್ರೆ ಈ ತಟ್ಟೆ ಹಿಡಿ. ನನ್ನ ಕಾಲು ಸತ್ತುಹೋಗಿದೆ. ಒಳಗೆ ನಿನ್ನ ವೆಲಿಬೋರ್ ಕೂತಿದ್ದಾನೆ, ಮೂರನೇ ಮೀನು ನಡೀತಿದೆ."

ವೆಲಿಬೋರ್ ಠಾಣೆಯಲ್ಲಿ ಅವಳ ಕೈಕೆಳಗಿನವನು, ಅದೇ ಹುದ್ದೆಗೆ ಬಾಯಿಬಿಟ್ಟು ಕೂತವನು. ಮುಳ್ಳು ಬಾಯಿಂದ ತೆಗೆದು ನಕ್ಕ.

"ಅಕ್ಕಾ, ನಂಗೂ ಒಂದು ಪ್ರಸ್ತಾವ ಬೇಕಿತ್ತು. ನೀನು ಏಳು ಬರ್ದು ಬಿಸಾಕಿದೀಯಂತಲ್ಲ, ಯಾವುದಾದ್ರೂ ಒಂದು ಕೊಡು. ನಮ್ಮ ಮಾವನ ಸ್ನೇಹಿತ್ರೊಬ್ರು ಪ್ರೊಫೆಸರ್ ಇದ್ದಾರೆ, ಬೆಳಿಗ್ಗೆ ರುಜು ಹಾಕ್ತಾರೆ. ಹಬ್ಬದ ದಿನ ನೆಂಟನ್ನ ಬರಿಗೈಲಿ ಕಳಿಸ್ತೀಯಾ?"

ಜಾಗೋರ್ಕಾಳ ಕೈಯಲ್ಲೂ ಈಗ ತಟ್ಟೆಯಿತ್ತು. ಒಂದು ಗಳಿಗೆ ಯೋಚಿಸಿದಳು. ಒಳಗೆ ಹೋಗಿ ಏಳನೆಯದನ್ನು, ಆ ನಾಲ್ಕು ಸಾಲಿನ ಹೆಸರಿನದನ್ನು, ತಂದು ಅವನ ಕೈಗಿಟ್ಟಳು. ಪದ್ಧತಿಯೂ ಉಳಿಯಿತು, ಹುದ್ದೆಯೂ ಉಳಿಯಿತು ಎಂದುಕೊಂಡಳು.

ವೆಲಿಬೋರ್ ಹೆಸರಿನ ಎರಡು ಸಾಲು ಓದಿ ತಲೆ ಕೆರೆದುಕೊಂಡ. "ಅಕ್ಕಾ, ಏನೂ ಅರ್ಥ ಆಗ್ತಿಲ್ಲ."

"ಹಾಗಾದ್ರೆ ಸರಿಯಾಗೇ ಇದೆ."

ಸರಿಯಾಗಿಯೇ ಇತ್ತು. ಜನವರಿಯಲ್ಲಿ ರಾಜಧಾನಿಯಿಂದ ಪತ್ರ ಬಂತು. ವೆಲಿಬೋರನ ಪ್ರಸ್ತಾವದಲ್ಲಿ ಸೈದ್ಧಾಂತಿಕ ಚೌಕಟ್ಟು ಗಟ್ಟಿಯಾಗಿದೆ, ಹುದ್ದೆ ಅವನಿಗೆ. ಜಾಗೋರ್ಕಾಳ ಪ್ರಸ್ತಾವ ಆಸಕ್ತಿಕರ, ಆದರೆ ಅದರಲ್ಲಿ ಜೇನು ಹೆಚ್ಚಾಗಿದೆ. ತನ್ನ ಕೈಯಾರೆ ಕೊಟ್ಟ ಕಾಗದಕ್ಕೆ ತಾನೇ ಸೋತಿದ್ದಳು. ಅವಳು ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ಪಾಳಿಗೆ ಹೋದಳು.

ಅಂದು ಬಂದ ಮೊದಲ ಕಾರಿನ ಡಿಕ್ಕಿಯಲ್ಲಿ ಒಂದು ಡಬ್ಬಿ ಜೇನಿತ್ತು. ಜಾಗೋರ್ಕಾ ಡಿಕ್ಕಿ ಮುಚ್ಚಿ, ಅರ್ಧ ನಿಮಿಷದಲ್ಲಿ ಕೈಬೀಸಿ ಕಳಿಸಿದಳು. ಮುಖ್ಯಸ್ಥರ ಕಿಟಕಿ ತೆರೆಯಿತು.

"ಅಕ್ಕಾ! ಯಾವ ಆಧಾರದ ಮೇಲೆ ಬಿಟ್ಟೆ?"

"ನಿನ್ನ ಪ್ರಸ್ತಾವದ ಒಂಬತ್ತನೇ ಪುಟ ನೋಡು ವೆಲಿಬೋರ್. ನೀನೇ ಬರ್ದಿದೀಯಲ್ಲ."

ವೆಲಿಬೋರ್ ಮತ್ತೆ ತಲೆ ಕೆರೆದುಕೊಂಡ. "ಹೌದು ಹೌದು, ಬರ್ದಿದೀನಿ," ಎಂದು ಕಿಟಕಿ ಮುಚ್ಚಿಕೊಂಡ.