ಸೊನ್ನೆ ನೋಡುವ ಚಾಳಿ

ಇವತ್ತು ಬೆಳಿಗ್ಗೆ ಭರಮಸಾಗರದ ಹತ್ತಿರದ ಬಂಕಿನಲ್ಲಿ ಕಾರು ನಿಲ್ಲಿಸಿದೆ. ಕಿಟಕಿ ಇಳಿಸಿದ್ದೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು, ನ್ಯೂಜಿಲೆಂಡ್ ನೆನಪಾಯಿತು. ಆ ದೇಶಕ್ಕೆ ಹೋಗಿಬಂದ ಬೇರೆಯವರಿಗೆ ಹಿಮದ ಬೆಟ್ಟ, ನೀಲಿ ಸರೋವರ ನೆನಪಾಗುತ್ತವಂತೆ. ನನ್ನ ಹಣೆಬರಹ ನೋಡಿ, ಪೆಟ್ರೋಲ್ ಬಂಕು.

ನಾನು ಮೂವತ್ತು ವರ್ಷ ಹೊಳಲ್ಕೆರೆಯಲ್ಲಿ ಗಣಿತ ಕಲಿಸಿದವನು. ಬಂಕಿಗೆ ಹೋದರೆ ಕಾರಿನಿಂದಿಳಿದು, ಕನ್ನಡಕ ಒರೆಸಿಕೊಂಡು, ಯಂತ್ರದಲ್ಲಿ ಸೊನ್ನೆ ಬಂದಿದೆಯೇ ಎಂದು ನೋಡದೆ ಪೈಪು ಮುಟ್ಟಲು ಬಿಡುವವನಲ್ಲ. ನೀವೂ ನೋಡುತ್ತೀರಿ, ಬಿಡಿ. ಆದರೆ ನಾನು ನೋಡುವುದು ಕಳ್ಳನನ್ನು ಹಿಡಿಯಲು ಬಂದವನ ಹಾಗೆ. ಹೋದ ವರ್ಷ ನ್ಯೂಜಿಲೆಂಡ್ ಪ್ರವಾಸಕ್ಕೆ ಹೊರಡುವ ಹಿಂದಿನ ವಾರ ಇದೇ ಬಂಕಿನಲ್ಲಿ, ನಾನು ಫೋನಿನಲ್ಲಿ ಹರಟುತ್ತಿದ್ದಾಗ, ಪೆಟ್ರೋಲು ಹಾಕುವ ಹೆಣ್ಣುಮಗಳು ಸೊನ್ನೆ ತೋರಿಸುವುದನ್ನು ಮರೆತಳು. ಹತ್ತು ಜನರ ಮುಂದೆ, "ಹಿಂಗೇ ಎಷ್ಟು ಜನಕ್ಕೆ ಟೋಪಿ ಹಾಕಿದೀಯಮ್ಮ?" ಎಂದೆ. "ಮರ್ತೆ ಸಾರ್, ದೇವ್ರಾಣೆ," ಎಂದಳು, ಕಣ್ಣು ತುಂಬಿಕೊಂಡು. "ಮರೆವಂತೆ ಮರೆವು!" ಎಂದು ಕಾರು ಹತ್ತಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ರತ್ನ, ಚಿತ್ರದುರ್ಗದ ಮನೆ ಸೇರುವವರೆಗೂ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡಿದ್ದಳು.

ನ್ಯೂಜಿಲೆಂಡಿನಲ್ಲಿ ಕಾರು ಬಾಡಿಗೆಗೆ ಹಿಡಿದೆವು. ಅಲ್ಲಿಯೂ ಎಡಗಡೆಯೇ ಓಡಿಸುವುದು, ರಸ್ತೆಯ ಎರಡೂ ಕಡೆ ಕುರಿ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ನನಗೆ ನಮ್ಮ ಕಡೆಯ ತುರುವನೂರಿನ ದಾರಿಯೇ ಅನ್ನಿಸಿ ಧೈರ್ಯ ಬಂತು. ಒಂದು ಸಣ್ಣ ಊರಿನ ಬಂಕಿನಲ್ಲಿ ನಿಲ್ಲಿಸಿ, ಕೂತಲ್ಲೇ ಐದು ನಿಮಿಷ ಕಾದೆ. ಯಾರೂ ಬರಲಿಲ್ಲ. ಹಾರ್ನ್ ಹೊಡೆದೆ. ಪಕ್ಕದ ಕಾರಿನವನು ನಮಸ್ಕಾರವೆಂದುಕೊಂಡು ಕೈ ಬೀಸಿದ.

"ಇಳೀರಿ, ಇಲ್ಲಿ ನಾವೇ ಹಾಕ್ಕಳ್ಳಾದು ಅಂತ ಕಾಣ್ತೈತೆ," ಎಂದಳು ರತ್ನ.

ಇಳಿದೆ. ಸೊನ್ನೆ ನೋಡಿದೆ, ಹಾಕುವವನು ನಾನೇ ಆದರೂ ಬಿಡಲಿಲ್ಲ. ಯಂತ್ರಕ್ಕೆ ಕಾರ್ಡು ತಾಗಿಸಿದೆ, ಕುಂಯ್ ಎಂದಿತು. ದುಡ್ಡು ಹೋಯಿತು ಎಂದುಕೊಂಡು, ಟ್ಯಾಂಕಿಗೆ ಬಹುಪಾಲು, ಪ್ಯಾಂಟಿಗೆ ಸ್ವಲ್ಪ ತುಂಬಿಸಿಕೊಂಡು ಹೊರಟೆ.

ನಲವತ್ತು ಕಿಲೋಮೀಟರ್ ಕಳೆದ ಮೇಲೆ ರತ್ನ ಕೇಳಿದಳು, "ಮೆಸೇಜು ಬಂತೇನ್ರಿ?"

ಊರಿನಲ್ಲಿ ಟೀ ಕುಡಿದರೂ ಬ್ಯಾಂಕಿನ ಮೆಸೇಜು ಬರುತ್ತದೆ. ಕಾರು ಬದಿಗೆ ಹಾಕಿ ಫೋನು ನೋಡಿದೆ. ಬಂದಿರಲಿಲ್ಲ. ಆ ಬಂಕಿನಲ್ಲಿ ಪೆಟ್ರೋಲು ಹಾಕಿಕೊಂಡವರೆಲ್ಲ ಒಳಗಿನ ಅಂಗಡಿಗೆ ಹೋಗಿ ಬರುತ್ತಿದ್ದರು. ದುಡ್ಡು ಕೊಡುವುದು ಅಲ್ಲಿ ಎಂದು ಈಗ ಹೊಳೆಯಿತು. ಬಿಸ್ಕತ್ತು ತರಲು ಹೋಗುತ್ತಿದ್ದಾರೆಂದು ನಾನು ತಿಳಿದಿದ್ದೆ.

"ಇಲ್ಲಿ ನಮ್ಮನ್ನ ಯಾರು ಬಲ್ಲರು? ನಾಡಿದ್ದು ಊರಿಗೆ ಹೋಗ್ತೀವಿ," ಎಂದೆ. ಹೌದು, ಹಾಗೆ ಹೇಳಿದವನು ನಾನೇ.

"ಭರಮಸಾಗರದ ಆ ಹುಡುಗಿಗೆ ಕಳ್ಳಿ ಅನ್ನೋ ಹಂಗೆ ಮಾತಾಡಿದ್ರಿ. ಈಗ ನಿಮಗೆ ಏನನ್ನಾಣ? ತಿರುಗಿಸ್ರಿ ಗಾಡಿ."

ತಿರುಗಿಸಿದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕ್ಷಮಾಪಣೆಯ ಭಾಷಣ ಕಟ್ಟಿದೆ; ಕೈಕೋಳ ಹಾಕಿಸಿಕೊಂಡು ಊರಿನ ಪೇಪರಿನಲ್ಲಿ ಬರುವುದನ್ನೂ ಕಲ್ಪಿಸಿಕೊಂಡೆ. ಕೌಂಟರಿನ ಅಜ್ಜಿ ನನ್ನನ್ನು ನೋಡಿ ನಕ್ಕು, "ಮರೆತಿರಬೇಕು ಅಂದುಕೊಂಡೆ," ಎಂದಳು. ಕಾರ್ಡು ತೆಗೆದುಕೊಂಡಳು, ಅಷ್ಟೇ. ನಾನು ಕಟ್ಟಿದ ಭಾಷಣ ಬೇಕಾಗಲೇ ಇಲ್ಲ. ನನ್ನ ಇಡೀ ಜೀವನದಲ್ಲಿ ಅಷ್ಟು ನಾಚಿಕೆ ಆದದ್ದಿಲ್ಲ. ಅವಳು ನಾಲ್ಕು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಬಂದ ಮರುದಿನವೇ ಭರಮಸಾಗರಕ್ಕೆ ಓಡಿ ಬಂದೆನೆಂದು ನೀವು ತಿಳಿದರೆ ನನ್ನನ್ನು ನೀವು ಬಲ್ಲವರಲ್ಲ. ಒಂದು ವರ್ಷ ಬೇರೆ ಬಂಕಿಗೆ ಹೋದೆ. ಇವತ್ತು ಟ್ಯಾಂಕು ಮುಕ್ಕಾಲು ತುಂಬಿದ್ದರೂ, ಏನೋ ಧೈರ್ಯ ಬಂದು ಇಲ್ಲಿ ನಿಲ್ಲಿಸಿದೆ. ಅದೇ ಹೆಣ್ಣುಮಗಳು ಬಂದಳು. ಇಳಿದು ಎದುರು ನಿಂತೆ.

"ಹೋದ ವರ್ಷ ನಿನಗೆ ಅನ್ನಬಾರದ್ದು ಅಂದೆನಮ್ಮ. ತಪ್ಪಾಯ್ತು."

ಅವಳು ನನ್ನ ಮುಖ ನೋಡಿದಳು, ಕಾರು ನೋಡಿದಳು. ಎಷ್ಟು ನೋಡಿದರೂ ಗುರುತು ಹತ್ತಲಿಲ್ಲ.

"ನೀವ್ಯಾರಾ ಗೊತ್ತಾಗ್ಲಿಲ್ಲ ಸಾರ್," ಎಂದಳು. "ದಿನಾ ಯಾರಾನಾ ಒಬ್ರು ಅಂದು ಹೋಗ್ತಾರೆ. ಎಷ್ಟಕ್ಕೆ ಹಾಕ್ಲಿ ಹೇಳ್ರಿ."