ಕೆಂಪು ಮುನಿಯದ ಬಣ್ಣ

ಗುಬ್ಬಿಗಿಂತ ಸಣ್ಣ ಹಕ್ಕಿ. ಮೈಯೆಲ್ಲ ಕುಂಕುಮ, ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ನಿಜಾಮನ ಸೀಮೆ ದಾಟಿ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗುವ ಮುಂಚೆ ನಮ್ಮಣ್ಣ ಸಿಂಧನೂರಿನ ಸಂತೆಯಿಂದ ಆ ಕೆಂಪು ಮುನಿಯವನ್ನು ತಂದು, ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪಂಜರ ತೂಗುಹಾಕಿದ. "ನಾ ಬರೋತನಕ ಇದಕ್ಕ ನವಣಿ ಹಾಕು," ಎಂದು ಅತ್ತಿಗೆಗೆ ಹೇಳಿದ. ಆಗ ಮಳೆಗಾಲ, ಹಳ್ಳದ ದಂಡೆಯ ಹುಲ್ಲಿನಲ್ಲಿ ಇಂಥವೇ ಹಿಂಡುಗಟ್ಟಿ ಬೀಜ ತಿನ್ನುತ್ತಿದ್ದವು.

ಅವ್ವ ಅದಕ್ಕೆ ತನ್ನದೇ ಅರ್ಥ ಕಟ್ಟಿದಳು: ಹಕ್ಕಿ ಕೆಂಪಗಿರುವತನಕ ಮಗ ಕ್ಷೇಮ. ಬೆಳಗ್ಗೆ ವಿಭೂತಿ ಹಚ್ಚಿಕೊಂಡವಳೇ ಪಂಜರ ನೋಡುತ್ತಿದ್ದಳು. ಅಣ್ಣನ ಸುದ್ದಿ ಇಲ್ಲದಿದ್ದರೂ ಅವಳ ಮುಖದಲ್ಲಿ ಕಳೆಯಿತ್ತು.

ಸಂಕ್ರಾಂತಿ ದಾಟಿದ ಮೇಲೆ ಕೆಂಪು ಮಾಸಿತು, ಎದೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಗಂಡಿಗೆ ಕೆಂಪು ಬರುವುದು ಮರಿ ಮಾಡುವ ಕಾಲಕ್ಕೆ ಮಾತ್ರ, ಬೇಸಿಗೆಗೆ ಅದೂ ಹೆಣ್ಣಿನಂತೆ ಕಂದಾಗುತ್ತದೆ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವ್ವ ಸೊಸೆಯ ಹಣೆ ನೋಡುವುದನ್ನೇ ಬಿಟ್ಟಳು. ಬಳೆಗಾರನನ್ನು ಬಾಗಿಲಿಂದಲೇ ಕಳಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಗ ಬದುಕಿರುವಾಗಲೇ ಸೂತಕ ಹಿಡಿಯುವ ತಾಯಿಯೂ ಉಂಟೇ?

ಒಂದು ಮಧ್ಯಾಹ್ನ ಅತ್ತಿಗೆ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ತಂದು, ಬಾಲದ ಬುಡ ತೋರಿಸಿದಳು.

"ಅತ್ತೀ, ನೋಡ್ರಿ, ಇಲ್ಲಿ ಕೆಂಪು ಹಂಗ ಐತಿ."

"ಬಾಲಕ್ಕ ಉಳಿದ್ರ ಏನ್ ಬಂತಬೇ? ಮಾರಿ ಬಣ್ಣ ಹೋಗೈತಿ," ಎಂದು ಅವ್ವ ಮುಖ ತಿರುವಿದಳು.

ಮೃಗಶಿರಾ ಮಳೆ ಬಿತ್ತು. ಶ್ರಾವಣದ ಹೊತ್ತಿಗೆ ಹಕ್ಕಿ ಮತ್ತೆ ಕೆಂಪಾಯಿತು. ಅವ್ವ ಹೋಳಿಗೆ ಮಾಡಿದಳು. ಬಳೆಗಾರನನ್ನು ತಾನೇ ಕರೆದು ಸೊಸೆಯ ಕೈತುಂಬ ಹಸಿರು ಬಳೆ ಇಡಿಸಿದಳು.

"ನನ್ನ ಮಗ ಗಟ್ಟಿ ಅದಾನ!"

ಅದೇ ವಾರ, ಅಣ್ಣನ ಜೊತೆ ಗಿರಣಿಗೆ ಹೋಗಿದ್ದ ಊರಿನವನು ಬಂದು ಅಂಗಳದಲ್ಲೇ ನಿಂತ.

"ಹೋದ ವರ್ಷ ದೀಪಾವಳಿ ಮುಂದ ವಾಂತಿಭೇದಿ ಆಗಿ ಹೋಗಿಬಿಟ್ಟಾನ್ರಿ. ಬಂದು ನಿಮಗ ಮಾರಿ ತೋರ್ಸಾಕ ನಂಗ ಧೈರ್ಯ ಆಗಲಿಲ್ಲ."

ದೀಪಾವಳಿ! ಆಗ ಹಕ್ಕಿ ಕಡುಗೆಂಪಾಗಿತ್ತು. ಅವ್ವ ದಿನವೂ ಅದನ್ನು ನೋಡಿ ನಗುತ್ತಿದ್ದಳು. ಈಗ ಪಂಜರದ ಕೆಳಗೆ ಕೂತು ಎದೆ ಬಡಿದುಕೊಂಡಳು.

ಬಳೆ ಒಡೆಯಲು ಓಣಿಯ ಹೆಂಗಸರು ಬಂದರು. ಅತ್ತಿಗೆ ಅಳಲಿಲ್ಲ.

"ಒಂದೀಟು ತಡೀರಿ," ಎಂದಳು. "ಹಕ್ಕಿಗೆ ಇವತ್ತು ನವಣಿ ಹಾಕಿಲ್ಲ."

ಹಿಡಿ ನವಣೆ ತಂದು ಪಂಜರದೊಳಗೆ ಸುರಿದಳು. ಹಸಿರು ಬಳೆ ಕಡ್ಡಿಗಳಿಗೆ ತಾಗಿ ಸದ್ದು ಮಾಡಿದವು. ಆಮೇಲೆ ಬಂದು ಹೆಂಗಸರ ಮುಂದೆ ಕೂತು ಕೈ ಚಾಚಿದಳು.